ಬಡಾವಣೆಯ ಕೂಡು ತೋಟ: ವರ್ಷವಿಡೀ ತರಕಾರಿ ಸಿಗಬೇಕಾದರೆ?

ಶಿವಮೊಗ್ಗದಲ್ಲಿ ನಮ್ಮ ಬಡಾವಣೆಯ ಎಂಟು ಮನೆಯವರು ಸೇರಿ ಒಂದು ಖಾಲಿ ಸೈಟಿನಲ್ಲಿ ತರಕಾರಿ ಬೆಳೆಯುತ್ತಿದ್ದೇವೆ. ರಾಸಾಯನಿಕ ಬೇಡ ಅಂತ ಎಲ್ಲರೂ ಒಪ್ಪಿದ್ದೇವೆ. ಹೋದ ವರ್ಷ ಜೂನ್ ಕೊನೆಗೆ ಟೊಮೆಟೊ, ಮೂಲಂಗಿ, ಕೊತ್ತಂಬರಿ ಹಾಕಿದೆವು. ಅರ್ಧ ಕೊಳೆಯಿತು, ಉಳಿದದ್ದು ಬಸವನಹುಳುವಿನ ಪಾಲಾಯಿತು. ಬೇಸಿಗೆಗೆ ನೀರು ಹಾಕುವವರು ಇಬ್ಬರೇ ಉಳಿದರು. ಮಾಡಿ ನೋಡಿದವರು ದಾರಿ ಹೇಳಿ.

ತೀರ್ಥಹಳ್ಳಿ ಕಡೆಯಿಂದ

ಜೂನಿನಲ್ಲಿ ಟೊಮೆಟೊ ಅಂದಾಗಲೇ ಮುಂದಿನ ಕಥೆ ಗೊತ್ತಾಯಿತು! ನಮ್ಮಲ್ಲಿ ಮಳೆಗಾಲದ ಹಿತ್ತಲಿನ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ರೋಹಿಣಿ ಮಳೆಗೆ ಬೀಜ ಮಣ್ಣಿನಲ್ಲಿರಬೇಕು, ಜೂನ್ ಕೊನೆಯ ಆರಿದ್ರಾ ಮಳೆ ಹಿಡಿಯುವಷ್ಟರಲ್ಲಿ ಬಳ್ಳಿ ಕಡ್ಡಿ ಹಿಡಿದಿರಬೇಕು. ತಡವಾದರೆ ಬೀಜ ಮೊಳೆಯುವ ಮೊದಲೇ ಕೊಳೆಯುತ್ತದೆ. ಹೀರೆ, ಹಾಗಲ, ಮೊಗೆಕಾಯಿ, ಬೆಂಡೆ, ಹರಿವೆ ಹಾಕಿ. ಕೆಸು, ಬಸಳೆಗೆ ನೀರು ಹರಿಯುವ ಮೂಲೆ ಕೊಡಿ. ಬೇಲಿ ಬದಿಗೆ ಅರಿಶಿನ, ಸುವರ್ಣಗೆಡ್ಡೆ ಊರಿಬಿಡಿ. ಯಾರೂ ತಿರುಗಿ ನೋಡದಿದ್ದರೂ ಅವು ಬದುಕುತ್ತವೆ. ಎಂಟು ಮನೆಯ ತೋಟಕ್ಕೆ ಇಂಥವೇ ಸರಿ, ಅಲ್ವಾ?

ಮಡಿಯನ್ನು ಒಂದು ಅಡಿ ಏರಿಸಿ, ನಡುವೆ ಬಸಿಗಾಲುವೆ ತೆಗೆಯಿರಿ. ಮಳೆ ಜಾಸ್ತಿ ಇರುವ ಕಡೆ ಮಣ್ಣಿನ ಸುಣ್ಣದ ಅಂಶ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಹಾಗಂತ ಸುಮ್ನೆ ಅಂದಾಜಿನ ಮೇಲೆ ಸುಣ್ಣ ಸುರಿಯಬೇಡಿ. ನವುಲೆಯ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ. ಮಣ್ಣು ಪರೀಕ್ಷೆಗೆ ಅಲ್ಲಿ ವಿಚಾರಿಸಿ, ಆಮೇಲೆ ಹಾಕಿ.

ಟೊಮೆಟೊ, ಮೂಲಂಗಿ, ಬೀನ್ಸ್, ಕೊತ್ತಂಬರಿ ಎಲ್ಲ ಅಕ್ಟೋಬರ್ ಹೊತ್ತಿಗೆ ಬರುವ ಭೂಮಿ ಹುಣ್ಣಿಮೆ ಕಳೆದ ಮೇಲೆ. ಗದ್ದೆಗೆ ಬಯಕೆ ಊಟ ಬಡಿಸಿ ಬಂದ ಮಾರನೇ ದಿನವೇ ನಮ್ಮ ಅಮ್ಮ ಹಿತ್ತಲಲ್ಲಿ ಮಡಿ ಕೆದಕಲು ಶುರು ಮಾಡುತ್ತಿದ್ದರು. ಟೊಮೆಟೊ, ಬದನೆ ಸಸಿಗಳನ್ನು ಮಾತ್ರ ಸೆಪ್ಟೆಂಬರಿನಲ್ಲೇ ಮಾಡಿನ ಕೆಳಗೆ ಎಬ್ಬಿಸಿಕೊಳ್ಳಿ.

ಹೊಸನಗರ ಕಡೆಯಿಂದ

ಮಡಿಯ ಮಣ್ಣಿಗೆ ಹೊದಿಸುವ ಮುಚ್ಚಿಗೆ ಬಗ್ಗೆ ಹುಷಾರು. ದರಗು (ಒಣ ಎಲೆ) ಹೊದಿಸಿ, ಹೊದಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಜುಲೈನಲ್ಲಿ ದಪ್ಪಗೆ ಹೊದಿಸಿದೆ. ಬಸವನಹುಳುವಿಗೆ ಛತ್ರ ಕಟ್ಟಿಸಿಕೊಟ್ಟ ಹಾಗಾಯಿತು. ಈಗ ಮಳೆಗಾಲದಲ್ಲಿ ಗಿಡದ ಬುಡ ಬಿಟ್ಟು ತೆಳ್ಳಗೆ ಹಾಕುತ್ತೇನೆ, ದಪ್ಪ ಹೊದಿಕೆ ಮಳೆ ಬಿಟ್ಟ ಮೇಲೆ. ಹುಳು ಹಿಡಿಯಲು ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಎತ್ತಿದರೆ ಗುಂಪಾಗಿ ಸಿಗುತ್ತವೆ. ಉಪ್ಪುನೀರಿನ ಬಕೆಟ್‌ಗೆ ಹಾಕಿ. ಮಡಿಗೇ ಉಪ್ಪು ಎರಚಬೇಡಿ. ನಾನು ಎರಚಿ ಒಂದು ಮಡಿ ಹರಿವೆ ಸುಟ್ಟುಕೊಂಡೆ.

ಶಿವಮೊಗ್ಗದಿಂದಲೇ

ಮೇಲಿನವರ ಮಳೆ ಬೇರೆ, ನಮ್ಮ ಮಳೆ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತದೆ, ನಮ್ಮ ಪೇಟೆಯಲ್ಲಿ ಅದರ ಕಾಲು ಭಾಗವೂ ಇಲ್ಲ. ಜುಲೈನಲ್ಲೂ ವಾರಗಟ್ಟಲೆ ಬಿಸಿಲು ಕಾಯುವುದುಂಟು. ಆಗ ಮುಚ್ಚಿಗೆ ಇಲ್ಲದ ಮಡಿ ಗಟ್ಟಿಯಾಗಿ ಬಿರಿಯುತ್ತದೆ. ನಾನಂತೂ ತೆಗೆಯುವುದಿಲ್ಲ, ಹುಳು ಆರಿಸುತ್ತೇನೆ.

ನಿಮ್ಮ ದೊಡ್ಡ ಸಮಸ್ಯೆ ಜನರದ್ದು ಅನ್ನಿಸುತ್ತದೆ. ನಾವು ಆರು ಮನೆಯವರು. ಎಲ್ಲವೂ ಎಲ್ಲರದು ಅಂತ ಶುರು ಮಾಡಿದಾಗ ಗೊಬ್ಬರದ ಗುಂಡಿಗೆ ಹಾಲಿನ ಕವರ್ ಬಿತ್ತು, ಬೆಂಡೆ ಬಲಿತು ನಾರಾಯಿತು. ಈಗ ಮನೆಗೆ ಎರಡು ಮಡಿ ಸ್ವಂತ. ಬೇಲಿಯ ಬಳ್ಳಿ, ಗುಂಡಿ, ನಲ್ಲಿ ಮಾತ್ರ ಕೂಡು. ಗುಂಡಿಗೆ ತಿಂಗಳಿಗೊಬ್ಬರು ಹೊಣೆ. ಬೇಸಿಗೆಯಲ್ಲಿ ಅರ್ಧ ಮಡಿ ಸುಮ್ಮನೆ ಬಿಡುತ್ತೇವೆ. ನೀರು ಹಾಕುವವರಿಗೆ ಹೊರೆ ಅರ್ಧ. ಉಳಿದರ್ಧಕ್ಕೆ ಹರಿವೆ, ಬಸಳೆ, ಸೌತೆ ಇಷ್ಟೇ. ಏಪ್ರಿಲ್ ಮಳೆ ಬಿದ್ದಾಗ ಖಾಲಿ ಮಡಿಗೆ ಅಲಸಂದೆ ಚೆಲ್ಲಿ, ಹೂ ಬಿಡುವಾಗ ಗೊಬ್ಬರವಾಗಲಿ ಅಂತ ಮಣ್ಣಿಗೆ ಮಗುಚುತ್ತೇವೆ. ಇದನ್ನು ಒಪ್ಪಿಸಲು ಎರಡು ವರ್ಷ ಬೇಕಾಯಿತು. ಖಾಲಿ ಮಡಿ ಕಂಡರೆ ಕೆಲವರಿಗೆ ಸೋಮಾರಿತನ ಅನ್ನಿಸುತ್ತದೆ.

ಇನ್ನೊಂದು. ಕಳಿಯದ ಗೊಬ್ಬರ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ. ನಾವು ತಂದ ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಗೊಣ್ಣೆಹುಳು ತುಂಬಿತ್ತು. ಬದನೆಯ ಬೇರನ್ನೆಲ್ಲ ತಿಂದು ಮುಗಿಸಿದವು.

ಸಾಗರ ಕಡೆಯಿಂದ

ರಾಸಾಯನಿಕ ಬೇಡ ಅಂದಿರಲ್ಲ, ಜೀವಾಮೃತ ಅನ್ನುವ ಸಗಣಿ-ಗಂಜಲದ ದ್ರವಗೊಬ್ಬರ ಮಾಡಿಕೊಳ್ಳಿ. ಅದರ ಲೆಕ್ಕ ಎಕರೆಗೆ ಹೇಳುವಂಥದ್ದು: 200 ಲೀಟರ್ ನೀರಿಗೆ 10 ಕೆ.ಜಿ. ಸಗಣಿ, 10 ಲೀಟರ್ ಗಂಜಲ, ಬೆಲ್ಲ ಮತ್ತು ಕಾಳಿನ ಹಿಟ್ಟು ತಲಾ 2 ಕೆ.ಜಿ., ಒಂದು ಹಿಡಿ ಮಣ್ಣು. ಒಂದು ಸೈಟಿಗೆ ಎಲ್ಲವನ್ನೂ ಹತ್ತನೇ ಒಂದಕ್ಕೆ ಇಳಿಸಿದರೂ ಉಳಿಯುತ್ತದೆ. ನೆರಳಲ್ಲಿಟ್ಟು, ಎರಡು ದಿನ ಬಿಟ್ಟು, ವಾರದೊಳಗೆ ಮುಗಿಸಿ. ಜೋರು ಮಳೆ ದಿನ ಹಾಕಿದರೆ ಚರಂಡಿಗೆ ಹಾಕಿದ ಹಾಗೆ.

ಹೀರೆ, ಹಾಗಲಕ್ಕೆ ಹಣ್ಣುನೊಣದ ಬಲೆ ಕೇಳುವಾಗ ಕ್ಯೂಲ್ಯೂರ್ (ಈ ಬಳ್ಳಿಗಳ ನೊಣವನ್ನು ಸೆಳೆಯುವ ಮದ್ದು) ಅಂತಲೇ ಕೇಳಿ. ನನಗೆ ಅಂಗಡಿಯಲ್ಲಿ ಮಾವಿನ ನೊಣದ್ದು ಕೊಟ್ಟರು. ತಿಂಗಳು ಪೂರ್ತಿ ಬಲೆಗೂ ನೊಣ ಬಿದ್ದವು, ಹಾಗಲವೂ ಹಾಳಾಯಿತು! ಚುಚ್ಚಿದ ಕಾಯಿ ಗುಂಡಿಗೆ ಹಾಕಬೇಡಿ, ಕವರಿನಲ್ಲಿ ಬಿಗಿದು ಬಿಸಿಲಿಗಿಡಿ.

ಮುಚ್ಚಿಗೆಗೆ ಅಡಕೆ ಸಿಪ್ಪೆ ಬೇಕಾದರೆ ಸುಲಿಯುವ ಕಾಲಕ್ಕೆ ಬನ್ನಿ, ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಬೇಗ ಕಳಿಯುವುದಿಲ್ಲ, ಗೊಬ್ಬರವಾಗಲು ವರ್ಷವೇ ಬೇಕು. ದುಡ್ಡು ಬೇಡ, ಚೀಲ ಮಾತ್ರ ನೀವೇ ತನ್ನಿ.