ತರಬೇತಿಯ ವ್ಯಾಪ್ತಿ ದಾಟಿದಾಗ ಮಾಡೆಲ್ ಮಾತನ್ನು ಎಷ್ಟು ನಂಬಬಹುದು?

ಪ್ರಶ್ನೆ
ಪಂಪ್ ಬೇರಿಂಗ್‌ನ ತಾಪಮಾನವನ್ನು ಹತ್ತು ನಿಮಿಷ ಮುಂಚೆಯೇ ಅಂದಾಜಿಸುವ ನ್ಯೂರಲ್ ನೆಟ್‌ವರ್ಕ್ (ಹಳೆಯ ಡೇಟಾದಿಂದ ಕಲಿಯುವ ಮಾಡೆಲ್) ಇದು. ಅಂದಾಜು ನೋಡಿ ಕಂಟ್ರೋಲರ್ ಲೋಡ್ ಏರಿಸುತ್ತದೆ, ಇಳಿಸುತ್ತದೆ. ತರಬೇತಿ ಡೇಟಾದಲ್ಲಿ ಲೋಡ್ ಶೇ. 40ರಿಂದ 80ರವರೆಗೆ ಮಾತ್ರ. ಟೆಸ್ಟ್‌ನಲ್ಲಿ ಸರಾಸರಿ ತಪ್ಪು 1.5 ಡಿಗ್ರಿ. ಲೋಡ್ ಶೇ. 95 ಆದಾಗ 71 ಡಿಗ್ರಿ ಎಂದಿತು, ಮುಟ್ಟಿದ್ದು 84. ಐದು ನೆಟ್‌ವರ್ಕ್‌ಗಳ ಎನ್‌ಸೆಂಬಲ್ (ಐದರ ಅಂದಾಜನ್ನೂ ಒಟ್ಟಿಗೆ ನೋಡುವ ಗುಂಪು) ಮಾಡಿದರೆ ಸಾಕೇ?

ಉತ್ತರ 1
ಸಾಲದು. ರೆಲು (ಋಣ ಮೌಲ್ಯವನ್ನು ಸೊನ್ನೆ ಮಾಡಿ ಉಳಿದದ್ದನ್ನು ಹಾಗೇ ಬಿಡುವ ಸರಳ ಫಂಕ್ಷನ್) ಬಳಸುವ ನೆಟ್‌ವರ್ಕ್ ಡೇಟಾದಿಂದ ತೀರಾ ದೂರ ಹೋದರೆ ಸರಳರೇಖೆಯಂತೆ ಮುಂದುವರಿಯುತ್ತದೆ. ಬೇರಿಂಗ್ ಹಾಗೆ ಬಿಸಿಯಾಗಬೇಕಿಲ್ಲ. ಐದೂ ಒಂದೇ ಡೇಟಾದಿಂದ ಕಲಿತವು, ಹಾಗಾಗಿ ಐದೂ ಒಟ್ಟಿಗೆ ತಪ್ಪಬಹುದು. ಅವು ಒಮ್ಮತಕ್ಕೆ ಬಂದವೆಂದು ಅಪಾಯವಿಲ್ಲ ಎನ್ನಲಾಗದು.

ಮೊದಲು ಇನ್‌ಪುಟ್ ಪರೀಕ್ಷಿಸಿ. ಲೋಡ್, ವೇಗ, ಸುತ್ತಲಿನ ತಾಪಮಾನ ಬಿಡಿಬಿಡಿಯಾಗಿ ಮಿತಿಯೊಳಗಿದ್ದು, ಆ ಜೋಡಣೆ ಮಾತ್ರ ಮಾಡೆಲ್ ಎಂದೂ ಕಾಣದ್ದಾಗಿರಬಹುದು. ಇದಕ್ಕೆ ಮಹಾಲನೋಬಿಸ್ ದೂರ ನೋಡಿ: ಇನ್‌ಪುಟ್‌ಗಳ ಪರಸ್ಪರ ಸಂಬಂಧವನ್ನೂ ಲೆಕ್ಕಕ್ಕೆ ಹಿಡಿದು, ಹೊಸ ಜೋಡಣೆ ತರಬೇತಿ ಡೇಟಾದ ಸರಾಸರಿಯಿಂದ ಎಷ್ಟು ದೂರವಿದೆ ಎಂದು ಹೇಳುವ ಅಳತೆ ಅದು. ಸೆನ್ಸರ್ ಒಂದೇ ಅಂಕಿಯಲ್ಲಿ ಅಂಟಿಕೊಂಡರೆ ಅದು ಈ ಲೆಕ್ಕಕ್ಕೆ ಸಿಗದಿರಬಹುದು. ಅದಕ್ಕೆ ಬೇರೆ ಪರೀಕ್ಷೆ ಇಡಿ.

ಉತ್ತರ 2
ತರಬೇತಿಯ ವ್ಯಾಪ್ತಿಯೊಳಗೆ ಕಾನ್ಫಾರ್ಮಲ್ ವಿಧಾನ (ಮಾಡೆಲ್ ಮಾಡಿದ ತಪ್ಪುಗಳನ್ನು ಅಳೆದು ಅಂದಾಜಿಗೆ ಮಿತಿ ಕಟ್ಟುವ ಕ್ರಮ) ಬಳಸಿ. ತರಬೇತಿಗೆ ಸೇರಿಸದ 500 ಉದಾಹರಣೆಗಳಲ್ಲಿ 'ನಿಜ ಮೌಲ್ಯ ಕಳೆ ಅಂದಾಜು' ತೆಗೆದು ಏರಿಕೆಯ ಕ್ರಮದಲ್ಲಿ ಜೋಡಿಸಿ. ಶೇ. 99 ಭರವಸೆಗೆ (500 + 1) × 0.99 = 495.99, ಅಂದರೆ 496ನೆಯದು. ಅದನ್ನು ಅಂದಾಜಿಗೆ ಕೂಡಿಸಿ ಬರುವ ಮೇಲ್ಮಿತಿಯನ್ನೇ ಕಂಟ್ರೋಲರ್‌ಗೆ ಕೊಡಿ, ಸರಾಸರಿಯನ್ನಲ್ಲ. 99ಕ್ಕಿಂತ ಕಡಿಮೆ ಉದಾಹರಣೆಗಳಿದ್ದರೆ ಈ ಭರವಸೆ ಸಿಗುವುದೇ ಇಲ್ಲ.

ಈ ಶೇ. 99 ಒಟ್ಟಾರೆ ಲೆಕ್ಕ. ಹೆಚ್ಚು ಲೋಡ್‌ನಲ್ಲೇ ತಪ್ಪುಗಳೆಲ್ಲ ಗುಂಪುಗೂಡಿದರೂ ಒಟ್ಟು ಅಂಕಿ ಚೆನ್ನಾಗಿಯೇ ಕಾಣುತ್ತದೆ. ಲೋಡ್ ಪಟ್ಟಿಗಳಾಗಿ ವಿಂಗಡಿಸಿ ಬೇರೆಬೇರೆ ನೋಡಿ. ಅಂದಹಾಗೆ, ಟೆಸ್ಟ್ ಡೇಟಾ ಬೇರ್ಪಡಿಸಿದ್ದು ಹೇಗೆ?

ಪ್ರಶ್ನೆ ಕೇಳಿದವರು
ನಿಮಿಷಕ್ಕೊಂದು ರೀಡಿಂಗ್, ಯಾದೃಚ್ಛಿಕವಾಗಿ ಶೇ. 20 ತೆಗೆದದ್ದು.

ಉತ್ತರ 2
ಹಾಗಾದರೆ ಆ 1.5 ಡಿಗ್ರಿಯನ್ನೇ ನಂಬಬೇಡಿ. 10:01ರ ರೀಡಿಂಗ್ ತರಬೇತಿಯಲ್ಲಿ, 10:02ರದ್ದು ಟೆಸ್ಟ್‌ನಲ್ಲಿ ಇದ್ದರೆ ಮಾಡೆಲ್‌ಗೆ ಉತ್ತರ ಮೊದಲೇ ಗೊತ್ತಿದ್ದಂತೆ. ದಿನಾಂಕದ ಮೇಲೆ ಕತ್ತರಿಸಿ, ಪಂಪ್‌ಗಳು ಹಲವಿದ್ದರೆ ಒಂದನ್ನು ಪೂರ್ತಿ ಹೊರಗಿಡಿ. ಮೇಲೆ ಹೇಳಿದ 500ಕ್ಕೂ ಇದೇ ಮಾತು: ಒಂದೇ ದಿನದ 500 ನಿಮಿಷಗಳಲ್ಲಿ 500 ಉದಾಹರಣೆಗಳಷ್ಟು ಮಾಹಿತಿ ಇರುವುದಿಲ್ಲ.

ಉತ್ತರ 3
ಇನ್‌ಪುಟ್ ಪರೀಕ್ಷೆ ಸೋತಾಗ ಏನಾಗಬೇಕೆಂದು ಈಗಲೇ ಬರೆದಿಡಿ. ಲೋಡ್ ಶೇ. 60ಕ್ಕೆ ಇಳಿಸಿ ಹಿಡಿಯುವ ಸರಳ ಕಂಟ್ರೋಲರ್ ಸಾಕು. ಮಾಡೆಲ್‌ಗೆ ಹಿಡಿತ ಮರಳಿಸುವುದು ಎಲ್ಲವೂ 15 ನಿಮಿಷ ಸತತವಾಗಿ ಸರಿಯಿದ್ದರೆ ಮಾತ್ರ. ಇಲ್ಲವಾದರೆ ಎರಡರ ನಡುವೆ ಹೊಯ್ದಾಡುತ್ತಾ ಪಂಪ್‌ಗೇ ಪೆಟ್ಟು. ಗರಿಷ್ಠ ತಾಪಮಾನದ ಟ್ರಿಪ್‌ಗೆ (ಮಿತಿ ಮೀರಿದರೆ ಪಂಪನ್ನು ತಾನಾಗಿಯೇ ನಿಲ್ಲಿಸುವ ವ್ಯವಸ್ಥೆಗೆ) ಬೇರೆ ಸೆನ್ಸರ್, ಬೇರೆ ವೈರಿಂಗ್, ನೇರ ರಿಲೇ (ವಿದ್ಯುತ್ ಸ್ವಿಚ್) ಇರಲಿ. ಮಾಡೆಲ್ ಓದುವ ಸೆನ್ಸರನ್ನೇ ಟ್ರಿಪ್‌ಗೂ ಹಂಚಿದರೆ ಒಂದು ಸಡಿಲ ಸಂಪರ್ಕಕ್ಕೆ ಎರಡೂ ಕುರುಡಾಗುತ್ತವೆ.