‘ಸುಶೀಲೆ’ಯನ್ನು ಈಗ ಹೇಗೆ ಓದೋಣ?

ಕಪಿಲಾ ತೀರ: ನಂಜನಗೂಡು ತಿರುಮಲಾಂಬಾ ಅವರ ‘ಸುಶೀಲೆ’ ಮೊನ್ನೆ ಓದಿ ಮುಗಿಸಿದೆ. 1913ರ ಕಾದಂಬರಿ. ದಾರಿ ತಪ್ಪಿದ ಗಂಡನನ್ನು ಹೆಂಡತಿ ತಾಳ್ಮೆಯಿಂದಲೇ ಸರಿದಾರಿಗೆ ತರುತ್ತಾಳೆ. ನನಗಂತೂ ಕಸಿವಿಸಿಯಾಯಿತು. ಹೊಸಗನ್ನಡದ ಮೊದಲ ಕಾದಂಬರಿಕಾರ್ತಿ ಅಂತ ಹೊಗಳುತ್ತೇವೆ, ಸರಿ. ಇವತ್ತಿನ ಹುಡುಗಿಯರ ಕೈಗೆ ಈ ಕಥೆ ಹೇಗೆ ಕೊಡೋದು?

ಶಾಂತಲಾ: ಬರೆದವರು ಯಾರು ನೋಡಿ. ಹತ್ತು ವರ್ಷಕ್ಕೆ ಮದುವೆ, ಹದಿನಾಲ್ಕಕ್ಕೆ ವಿಧವೆ. ನಮ್ಮ ಅಜ್ಜಿಯ ಸೋದರತ್ತೆಯೂ ಹಾಗೇ. ಯಾರಾದರೂ ಹೊರಗೆ ಹೊರಟರೆ ಎದುರು ಬರಬಾರದು ಅಂತ ಅಡುಗೆಮನೆ ಬಾಗಿಲ ಹಿಂದೆ ನಿಂತಿರುತ್ತಿದ್ದರಂತೆ. ಚಪ್ಪಲಿ ಸದ್ದು ಬೀದಿಗೆ ಇಳಿದ ಮೇಲೇ ಈಚೆ ಬರೋದು. ಅಂಥ ಕಾಲದಲ್ಲಿ ತಿರುಮಲಾಂಬಾ ‘ಸತೀಹಿತೈಷಿಣೀ’ ಗ್ರಂಥಮಾಲೆ ಕಟ್ಟಿ ತಮ್ಮ ಪುಸ್ತಕ ತಾವೇ ಪ್ರಕಟಿಸಿದರು. ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು.

ಕಪಿಲಾ ತೀರ: ಬದುಕು ದೊಡ್ಡದು, ಒಪ್ಪುತ್ತೇನೆ. ಅದಕ್ಕಾಗಿ ಕಥೆಗೆ ರಿಯಾಯಿತಿ ಕೊಡಬೇಕಾ? ತಾವು ಹೊಸಿಲು ದಾಟಿದವರು ನಾಯಕಿಯನ್ನು ಯಾಕೆ ಒಳಗೇ ಕೂರಿಸಿದರು?

ಹಳೇ ಪುಸ್ತಕದವ: ಪುಸ್ತಕ ಮೊದಲು ಮನೆಯೊಳಕ್ಕೆ ಹೋಗಬೇಕಿತ್ತಲ್ಲ! ಓದಿದರೆ ಹೆಣ್ಣು ಕೆಡುತ್ತಾಳೆ ಅನ್ನುತ್ತಿದ್ದ ಕಾಲ. ‘ಸತೀಹಿತೈಷಿಣೀ’ ಅನ್ನೋ ಹೆಸರು ಕಂಡರೆ ಯಾವ ಯಜಮಾನ ತಾನೇ ಬೇಡ ಅಂದಾನು?

ಶಾಂತಲಾ: ಅದು ಸುಮ್ನೆ ಉಪಾಯ ಅಂತ ನಾನು ಹೇಳಲಾರೆ. ಸಹನೆ, ಪತಿಭಕ್ತಿಯನ್ನು ಅವರು ನಂಬಿಯೇ ಬರೆದಿದ್ದಾರೆ ಅನ್ನಿಸುತ್ತದೆ. ನಮಗೆ ಬೇಕಾದ ಹಾಗೆ ಅವರನ್ನು ತಿದ್ದೋದು ಬೇಡ.

ಮಲ್ಲೇಶ್ವರದ ಓದುಗ: ಕಲ್ಯಾಣಮ್ಮನವರನ್ನೂ ನೆನೆಯೋಣ. ಅವರೂ ಬಾಲವಿಧವೆ. 1921ರಲ್ಲಿ ‘ಸರಸ್ವತಿ’ ಶುರು ಮಾಡಿ 42 ವರ್ಷ ನಡೆಸಿದರು. ಮಾಸಪತ್ರಿಕೆ ಅಂದರೆ ಸುಲಭವಾ? ತಿಂಗಳು ತಿಂಗಳೂ ಲೇಖನ ಕೂಡಿಸಬೇಕು, ಕರಡು ತಿದ್ದಬೇಕು, ಅಚ್ಚಿನ ಬಾಕಿ ತೀರಿಸಬೇಕು, ಚಂದಾ ಕೇಳಬೇಕು. ನಾವು ನಾಯಕಿಯರ ಬಗ್ಗೆಯೇ ಜಾಸ್ತಿ ಮಾತಾಡುತ್ತೇವೆ. ಈ ದುಡಿಮೆಯನ್ನೂ ಸಾಹಿತ್ಯದ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ಕಪಿಲಾ ತೀರ: ಇದನ್ನು ನಾನು ಯೋಚಿಸಿರಲಿಲ್ಲ. ‘ಸುಶೀಲೆ’ ಬಗ್ಗೆ ನನ್ನ ತಕರಾರು ಹಾಗೇ ಇದೆ. ಆದರೆ ಪತ್ರಿಕೆ ನೋಡದೆ ಮಾತಾಡಿದೆ, ಅದು ತಪ್ಪು. ತಿರುಮಲಾಂಬಾ ತೀರಿಕೊಂಡಿದ್ದು 1982ರಲ್ಲಂತೆ. ನಾನು ಶಾಲೆಗೆ ಹೋಗುತ್ತಿದ್ದಾಗ ಅವರಿನ್ನೂ ಇದ್ದರು! ‘ಕರ್ನಾಟಕ ನಂದಿನಿ’ಯ ಹಳೇ ಸಂಚಿಕೆ ಯಾರ ಮನೆ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಒಂದೊಂದು ಪುಟವನ್ನೂ ಫೋಟೋ ತೆಗೆದುಕೊಳ್ಳುತ್ತೇನೆ.