ಟ್ರೈಕ್‌ನಲ್ಲಿ ಚಳಿ ತಡ್ಯಕ್ಕಾಗ್ತಿಲ್ಲ, ಬೈಕ್‌ನೋರ ಹೀಟೆಡ್ ಜಾಕೆಟ್ ನಡಿಯತ್ತಾ?

ಹಾಸನದ_ಹಕ್ಕಿ:
ನಮಸ್ಕಾರ ಎಲ್ರಿಗೂ. ನಾನಿರೋದು ಕೆನಡಾದಲ್ಲಿ, ಕ್ಯಾಲ್ಗರಿ ಕಡೆ. ಹೋದ್ ವರ್ಷ ಒಂದು ಹಳೇ ಟ್ರೈಕ್ (ರೆಕ್ಕೆ ಕೆಳಗೆ ಮೂರು ಗಾಲಿ ಗಾಡಿ ನೇತಾಡೋ, ಮೈಗೆ ನೇರ ಗಾಳಿ ಹೊಡಿಯೋ ಪುಟ್ಟ ವಿಮಾನ) ತಗೊಂಡೆ, ರೋಟ್ಯಾಕ್ಸ್ 582 ಇಂಜಿನ್, ಮುಂದ್ಗಡೆ ಗಾಜು ಅಂತ ಹೆಸ್ರಿಗೊಂದು ತುಂಡಿದೆ ಅಷ್ಟೇ. ಮೊನ್ನೆ ನೆಲದ್ಮೇಲೆ ಮೈನಸ್ 5 ಇತ್ತು, ಪರ್ವಾಗಿಲ್ಲ ಅಂತ ಹೊರಟೆ, 3000 ಅಡಿ ಏರೋಷ್ಟ್ರಲ್ಲಿ ಬೆರಳು ಇದಾವೋ ಉದುರೋದ್ವೋ ಗೊತ್ತಾಗ್ತಿಲ್ಲ, ರೆಕ್ಕೆ ತಿರುಗಿಸೋ ಬಾರ್ ಹಿಡ್ಕೊಂಡಿದೀನಾ ಅಂತ ಕಣ್ಣಲ್ಲಿ ನೋಡಿ ಖಾತ್ರಿ ಮಾಡ್ಕೊಬೇಕಾಯ್ತು. 12 ವೋಲ್ಟ್ ಜಾಕೆಟ್, ಪ್ಯಾಂಟು, ಗ್ಲೌಸು, ಸಾಕ್ಸು ಪೂರ್ತಿ ಸೆಟ್ ತಗೊಳ್ಳೋಣ ಅಂತಿದೀನಿ. ಯಾರಾದ್ರೂ ಹಾಕ್ಕೊಂಡು ಹಾರಿದೀರಾ? (ಈ ಚಳೀಲಿ ಯಾವ ಕರ್ಮಕ್ಕೆ ಹಾರ್ಬೇಕು ಅಂತ ಮನೇಲಿ ದಿನಾ ಕೇಳ್ತಾರೆ, ನೀವೂ ಕೇಳ್ಬೇಡಿ)

ವೈರ್‌ಮನ್_ರಾಯ್ರು:
ಪೂರ್ತಿ ಸೆಟ್ ಆಗಲ್ಲ ಸಾರ್. ನಿಮ್ 582 ಜನರೇಟರ್ ಕೊಡೋದೇ 170 ವ್ಯಾಟ್, ಅದೂ 6000 ಆರ್‌ಪಿಎಂನಲ್ಲಿ. ಜಾಕೆಟ್ ಒಳಗಿನ ಲೈನರ್ ಒಂದೇ 75ರಿಂದ 90 ವ್ಯಾಟ್ ಎಳೆಯತ್ತೆ, ಗ್ಲೌಸ್ ಜೋಡಿಗೆ 25 ಇಟ್ಕೊಳ್ಳಿ, ಆಮೇಲೆ ರೇಡಿಯೋ, ಸ್ಟ್ರೋಬ್ (ಮಿನುಗೋ ದೀಪ) ಎಲ್ಲಾ ಇದೆಯಲ್ಲ, ಅಲ್ಲಿಗೆ ಸಂಬಳ ಖಾಲಿ. ಪ್ಯಾಂಟು ಸಾಕ್ಸು ಮರ್ತ್ಬಿಡಿ. ಮೊದ್ಲು ಲೈನರ್ ತಗೊಳ್ಳಿ, ಯಾಕಂದ್ರೆ ಎದೆ ಹೊಟ್ಟೆ ತಣ್ಣಗಾದ್ರೆ ಮೈ ಕೈಬೆರಳಿಗೆ ರಕ್ತ ಕಳ್ಸೋದು ಕಮ್ಮಿ ಮಾಡತ್ತೆ, ಆಗ ಎಂಥಾ ಗ್ಲೌಸ್ ಹಾಕಿದ್ರೂ ಅಷ್ಟೇ. ತೆಳ್ಳಗಿನ ಉಣ್ಣೆ ಬನಿಯನ್, ಅದ್ರ ಮೇಲೆ ಲೈನರ್, ಅದ್ರ ಮೇಲೆ ಗಾಳಿ ನುಗ್ಗದೇ ಇರೋ ಕೋಟು. ಬೇರೆ ಫ್ಯೂಸು, ಬೇರೆ ಸ್ವಿಚ್ಚು ಹಾಕ್ಸಿ, ಟ್ಯಾಕ್ಸಿ ಮಾಡೋವಾಗ, ಅಂದ್ರೆ ನೆಲದ್ಮೇಲೆ ಓಡಿಸೋವಾಗ ಆನ್ ಮಾಡ್ಬೇಡಿ, ಇಂಜಿನ್ ನಿಧಾನಕ್ಕೆ ಓಡೋ ಐಡಲ್‌ನಲ್ಲಿ ಎಲ್ಲಾ ಬ್ಯಾಟರಿಯಿಂದ್ಲೇ ಹೋಗತ್ತೆ.

ಅಂದಹಾಗೆ ಮೈನಸ್ 5 ಅಂದ್ರಲ್ಲ, ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಯತ್ತೆ, ಮೇಲೆ ಮೈನಸ್ 11. ಗಂಟೆಗೆ 90 ಕಿಲೋಮೀಟರ್ ಗಾಳಿ ಸೇರಿದ್ರೆ ಮುಖಕ್ಕೆ ಮೈನಸ್ 26 ಇದ್ದಂಗೆ. ಬೆರಳು ಉಳ್ದಿದ್ದೇ ಪುಣ್ಯ.

ಪುಕ್ಕಲು_ಪೈಲಟ್:
ಬ್ಯಾಟರಿ ಇಳ್ದೋದ್ರೆ ಮೇಲೇನೇ ಇಂಜಿನ್ ನಿಂತೋಗಲ್ವಾ??

ವೈರ್‌ಮನ್_ರಾಯ್ರು:
ಇಲ್ಲಪ್ಪ, 582ರಲ್ಲಿ ಇಗ್ನಿಷನ್‌ಗೆ ಕರೆಂಟು ಇಂಜಿನ್ನಿಂದ್ಲೇ ಬರತ್ತೆ, ಬ್ಯಾಟರಿ ನಂಬ್ಕೊಂಡಿಲ್ಲ. ರೇಡಿಯೋ ಹೋಗತ್ತೆ, ಇಳಿದ್ಮೇಲೆ ಸೆಲ್ಫ್ ಹೊಡಿಯಲ್ಲ.

ಮಿನ್ನೆಸೋಟ_ಅಕ್ಕ:
ನಮ್ದು ಹಳೇ ಸೆಸ್ನಾ 150, ಎರಡು ಸೀಟಿನ ಪುಟ್ಟ ವಿಮಾನ, ಬಾಗಿಲ ಸಂದೀಲಿ ಗಾಳಿ ಸುಯ್ ಅನ್ನತ್ತೆ, ಹೀಟರ್ ಕಾಲಿಗೆ ಮಾತ್ರ. ಅದಕ್ಕೇ ನಾನೂ ಲೈನರ್ ಹಾಕ್ತೀನಿ. ಇನ್ನೊಂದ್ ಕಾರಣನೂ ಇದೆ. ಈ ವಿಮಾನಗಳಲ್ಲಿ ಬಿಸಿಗಾಳಿ ಬರೋದು ಸೈಲೆನ್ಸರ್ ಸುತ್ತ ಇರೋ ತಗಡಿನ ಕವಚದಿಂದ, ಸೈಲೆನ್ಸರ್ ಬಿರುಕು ಬಿಟ್ರೆ ಕಾರ್ಬನ್ ಮೊನಾಕ್ಸೈಡ್ ವಿಷಗಾಳಿ ಸೀದಾ ಒಳಗೆ, ವಾಸ್ನೆನೂ ಇರಲ್ಲ. ಡಿಟೆಕ್ಟರ್ ಇಟ್ಕೊಂಡಿದೀನಿ, ಆದ್ರೂ ಹೀಟರ್ ಬಂದ್ ಮಾಡಿದ್ರೂ ಬೆಚ್ಚಗಿರೋ ದಾರಿ ಒಂದಿದ್ರೆ ಒಳ್ಳೇದಲ್ವಾ. ಸೆಸ್ನಾ ಬಾಡಿಗೆ ತಗೊಂಡು ಹಾರೋರು ವೋಲ್ಟೇಜ್ ನೋಡ್ಕೊಳ್ಳಿ, 1978ರಿಂದ ಈಚಿನ 172, 152 ಎಲ್ಲಾ 28 ವೋಲ್ಟು, ಅದಕ್ಕೆ 12 ವೋಲ್ಟ್ ಜಾಕೆಟ್ ಸಿಗಿಸಿದ್ರೆ ನಾಲ್ಕು ಪಟ್ಟಿಗಿಂತ ಜಾಸ್ತಿ ಕಾವು, ರೊಟ್ಟಿ ಬೇಯತ್ತೆ.

ಹಳೇ_ಗುಜರಿ:
ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್‌ನೋರಿಗೂ ಇದೇ ಗೋಳು. ನೀಲಿ ಬಣ್ಣದ ಎಫ್-1 ಅಂತ ಕರೆಂಟ್ ಸೂಟು, ಎಲ್ರೂ ಬ್ಲೂ ಬನ್ನಿ ಅಂತಿದ್ರು. ವೈರಿಂಗ್ ನಮ್ ದೀಪಾವಳಿ ಸೀರಿಯಲ್ ಸೆಟ್ ಥರ, ಒಂದ್ಕಡೆ ಕಿತ್ರೆ ಪೂರ್ತಿ ಸೂಟ್ ತಣ್ಣಗೆ. ಆಮೇಲಿನ ಸೂಟ್‌ಗಳಲ್ಲಿ ಅದನ್ನ ಸರಿ ಮಾಡಿದ್ರು.

ಹಾಸನದ_ಹಕ್ಕಿ:
ಸರಿ ರಾಯ್ರೇ, ಲೈನರ್ರು ಗ್ಲೌಸು ಎರಡೇ. ಕಾವು ಹೆಚ್ಚುಕಮ್ಮಿ ಮಾಡೋ ಕಂಟ್ರೋಲರ್ ಹಾಕಿದ್ರೆ ರೇಡಿಯೋಲಿ ಸದ್ದು ಬರತ್ತಾ?

ವೈರ್‌ಮನ್_ರಾಯ್ರು:
ಬರ್ಬಹುದು, ಅದು ಕರೆಂಟನ್ನ ಆನ್ ಆಫ್ ಮಾಡ್ತಾನೇ ಇರತ್ತಲ್ಲ, ಹೆಡ್‌ಸೆಟ್‌ನಲ್ಲಿ ಟಿಕ್ ಟಿಕ್ ಅನ್ನತ್ತೆ. ಎರಡೂ ವೈರು ಹುರಿ ಥರ ಹೊಸೆದು ಎಳೀರಿ, ಕಂಪಾಸ್ ಹತ್ರ ಬೇಡ, ಮುಳ್ಳು ತಿರುಗತ್ತೆ. ಪ್ಲಗ್ ಮಾತ್ರ ಎಳೆದ್ರೆ ಬಿಚ್ಕೊಳ್ಳೋ ಥರದ್ದೇ ಇರ್ಲಿ, ಅವಸರದಲ್ಲಿ ಇಳಿಯೋವಾಗ ವೈರ್‌ಗೆ ಕಟ್ಟಾಕ್ಕೊಂಡು ಕೂತಿರ್ಬೇಡಿ.